ಗುಳೆ, ಲೈಂಗಿಕ ವೃತ್ತಿ ಮತ್ತು ಕಾನೂನು: ಕಲಬುರಗಿ ಗಡಿ ತಾಲೂಕುಗಳ ನೆಲೆಯಲ್ಲಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ತಾಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಈ ಭಾಗದಿಂದ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಮೆಗಾಗಿ ಗುಳೆ ಹೋಗುವುದು ಹಳೆಯ ಸಂಗತಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ, 1992) ಲೈಂಗಿಕ ಕಾರ್ಯಕರ್ತೆಯರನ್ನು ಹೆಚ್ಚು ಅಪಾಯದ ಗುಂಪಿಗೂ ವಲಸೆ ಕಾರ್ಮಿಕರು, ಲಾರಿ ಚಾಲಕರನ್ನು ಸೋಂಕು ಇತರರಿಗೆ ದಾಟಲು ದಾರಿಯಾಗಬಲ್ಲ ಸೇತು ಗುಂಪಿಗೂ ಸೇರಿಸುತ್ತದೆ. ಊರೂರು ತಿರುಗುವ ಲೈಂಗಿಕ ಕಾರ್ಯಕರ್ತೆಗೆ ತಪಾಸಣೆ, ಕಾಂಡೋಮ್, ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ಮೂರೂ ತಪ್ಪುವ ಸಂಭವ ಹೆಚ್ಚು. ಮಾತ್ರೆ ನಿಂತರೆ ವೈರಾಣು ಮತ್ತೆ ಹೆಚ್ಚುತ್ತದೆ. ತಪಾಸಣೆ ತಪ್ಪಿ ಚಿಕಿತ್ಸೆ ಸಿಗದ ಸಿಫಿಲಿಸ್ ಗರ್ಭದ ಮಗುವಿಗೂ ತಗಲಬಹುದು.

ಹಲವರು ಎಡವುವುದು ಕಾನೂನಿನ ವಿಷಯದಲ್ಲಿ. ಲೈಂಗಿಕ ವೃತ್ತಿ ಕುರಿತ 1956ರ ಕಾಯ್ದೆಗೆ 1986ರಲ್ಲಿ ಅನೈತಿಕ ವ್ಯವಹಾರ (ತಡೆ) ಕಾಯ್ದೆ ಎಂಬ ಹೆಸರು ಬಂತು. ವಯಸ್ಕಳು ಸ್ವಇಚ್ಛೆಯಿಂದ ಮಾಡುವ ಲೈಂಗಿಕ ವೃತ್ತಿಯೇ ಅಪರಾಧವಲ್ಲ. ವೇಶ್ಯಾಗೃಹ ನಡೆಸುವುದು (ಕಲಂ 3), ಹೆಣ್ಣುಮಕ್ಕಳನ್ನು ವೃತ್ತಿಗೆ ಒದಗಿಸುವುದು (ಕಲಂ 5), ಸಾರ್ವಜನಿಕವಾಗಿ ಗಿರಾಕಿಗಳನ್ನು ಕರೆಯುವುದು (ಕಲಂ 8) ಅಪರಾಧ. ಈ ಕಲಂ 8 ನೇರವಾಗಿ ಬಡ ಹೆಣ್ಣಿನ ಮೇಲೆಯೇ ಬೀಳುತ್ತದೆ, ಇದು ಅನ್ಯಾಯ. ಪೊಲೀಸರಿಗೆ ಹೆದರಿ ಬಚ್ಚಿಟ್ಟುಕೊಳ್ಳುವವಳು ಆಸ್ಪತ್ರೆಗೂ ಬರುವುದಿಲ್ಲ.

ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ 2022ರ ಮೇ 19ರಂದು ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಘನತೆಯ ಬದುಕಿನ ಹಕ್ಕು ಲೈಂಗಿಕ ಕಾರ್ಯಕರ್ತೆಯರಿಗೂ ಇದೆ ಎಂದಿತು. ವಿಳಾಸದ ಪುರಾವೆ ಇಲ್ಲದಿದ್ದರೂ ನ್ಯಾಕೊ ಅಥವಾ ರಾಜ್ಯ ಏಡ್ಸ್ ಸಂಸ್ಥೆಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕೆಂದಿತು. ಗುಳೆ ಹೋದವಳಿಗೆ ಇದೇ ದೊಡ್ಡ ಆಸರೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017ರ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಹೆಣ್ಣುಮಕ್ಕಳನ್ನು ಈ ವೃತ್ತಿಗೆ ತಳ್ಳುತ್ತಿದ್ದ ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿತ್ತು. ಎಚ್‌ಐವಿ, ಏಡ್ಸ್ ಕುರಿತ ಉಚಿತ ಸಹಾಯವಾಣಿ: 1097.