ಗಣಕಯಂತ್ರವು ಮೂಕವಾದಾಗ

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಯಂತ್ರಗಳ ಗೊಡವೆ ಏತಕ್ಕೆ ಎಂದು ಕೇಳುವವರುಂಟು. ಅಂಥವರಿಗೆ ಒಂದು ಹಳೆಯ ಸಂಗತಿಯನ್ನು ಜ್ಞಾಪಿಸಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ಸ್ಥಾಪಿಸಿ, ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಎಂಜಿನಿಯರರಲ್ಲ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕರು. ಮುಂದೆ ಆ ಹೆಸರು ಇಡೀ ಭಾರತದ ಬಾನುಲಿಗೇ ಸಂದಿತು. ಧ್ವನಿಯ ಯಂತ್ರವನ್ನು ಕಂಡು ಕಲಾ ವಿದ್ಯಾರ್ಥಿಯು ಹೆದರಬೇಕಾದ ಕಾರಣವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇಂದು ಜಯನಗರ, ಬನಶಂಕರಿಗಳ ಮನೆಮನೆಯಲ್ಲಿಯೂ ಕಂಪ್ಯೂಟರು ಉಂಟು. ಪಾಠ, ಸಂಗೀತ, ಸುದ್ದಿ, ದೂರದೇಶದಲ್ಲಿರುವ ಮಕ್ಕಳೊಡನೆ ಮಾತು ಎಲ್ಲವೂ ಅದರ ಮೂಲಕವೇ ನಡೆಯುತ್ತವೆ. ಅದು ಒಂದು ದಿನ ಇದ್ದಕ್ಕಿದ್ದಂತೆ ಮೂಕವಾದರೆ ಏನು ಮಾಡಬೇಕು? ಬಹುಮಂದಿ ಗುಂಡಿಗಳನ್ನು ಮನಸ್ವೀ ಒತ್ತುತ್ತಾರೆ. ಆಮೇಲೆ ರಿಪೇರಿ ಅಂಗಡಿಗೆ ಹೊರುತ್ತಾರೆ. ಕ್ರಮವರಿತು ಪರೀಕ್ಷಿಸಿದರೆ ಇಂಥ ದೋಷಗಳಲ್ಲಿ ಹೆಚ್ಚಿನವನ್ನು ಕಾಸು ಖರ್ಚಿಲ್ಲದೆ ಮನೆಯಲ್ಲಿಯೇ ಸರಿಪಡಿಸಿಕೊಳ್ಳಬಹುದು. ಆ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಧ್ವನಿಯು ಬರುವ ದಾರಿ

ಧ್ವನಿಯೆಂದರೆ ಗಾಳಿಯ ಕಂಪನ. ಸೆಕೆಂಡಿಗೆ ಸುಮಾರು 20ರಿಂದ 20,000 ಸಲ ಆಗುವ ಕಂಪನಗಳು ಮನುಷ್ಯನ ಕಿವಿಗೆ ಕೇಳಿಸುತ್ತವೆ. ಕಂಪ್ಯೂಟರಿಗೆ ಗಾಳಿಯೂ ತಿಳಿಯದು, ಕಂಪನವೂ ತಿಳಿಯದು. ಅದಕ್ಕೆ ತಿಳಿದಿರುವುದು ಅಂಕೆಯೊಂದೇ. ಆದಕಾರಣ ಧ್ವನಿಯನ್ನು ಅತಿ ಚಿಕ್ಕ ಚಿಕ್ಕ ಕಾಲಾವಧಿಗಳಲ್ಲಿ ಅಳೆದು, ಆ ಅಳತೆಗಳನ್ನು ಅಂಕೆಗಳಾಗಿ ಬರೆದಿಡುತ್ತಾರೆ. ಸಂಗೀತದ ಸಿ.ಡಿ.ಯಲ್ಲಿ ಹೀಗೆ ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಅತ್ಯುಚ್ಚ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಮೂಲಧ್ವನಿಯನ್ನು ಮತ್ತೆ ಕಟ್ಟಬಹುದು ಎಂಬ ಗಣಿತಸೂತ್ರವೇ ಇದಕ್ಕೆ ಆಧಾರ. ಪ್ರತಿಯೊಂದು ಅಳತೆಗೂ 16 ಬಿಟ್ಟುಗಳು. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಸಾಲುಗಳು. ಗುಣಿಸಿ ನೋಡಿದರೆ ಒಂದು ಸೆಕೆಂಡಿನ ಸಂಗೀತಕ್ಕೆ 14,11,200 ಬಿಟ್ಟುಗಳಾಗುತ್ತವೆ!

ಈ ಅಂಕೆಗಳು ನಮ್ಮ ಕಿವಿಯನ್ನು ಮುಟ್ಟಬೇಕಾದರೆ ಐದು ಘಟ್ಟಗಳನ್ನು ದಾಟಬೇಕು. ಮೊದಲು, ಹಾಡನ್ನು ನುಡಿಸುವ ತಂತ್ರಾಂಶ. ಎರಡನೆಯದು, ವಿಂಡೋಸಿನಂಥ ಕಾರ್ಯಾಚರಣ ವ್ಯವಸ್ಥೆ. ಮೂರನೆಯದು, ವ್ಯವಸ್ಥೆಗೂ ಯಂತ್ರಕ್ಕೂ ನಡುವೆ ದುಭಾಷಿಯಂತಿರುವ ‘ಡ್ರೈವರ್’. ನಾಲ್ಕನೆಯದು, ಅಂಕೆಗಳನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುವ ಚಿಪ್ಪು. ಕಡೆಯದು, ಆ ಏರಿಳಿತವನ್ನು ಗಾಳಿಯ ಕಂಪನವನ್ನಾಗಿಸುವ ಸ್ಪೀಕರು. 1981ರ ಐ.ಬಿ.ಎಂ. ಕಂಪ್ಯೂಟರಿನಲ್ಲಿ ‘ಬೀಪ್’ ಎನ್ನುವ ಪುಟ್ಟ ಸ್ಪೀಕರೊಂದನ್ನುಳಿದು ಬೇರೇನೂ ಇರಲಿಲ್ಲ. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯು ‘ಸೌಂಡ್ ಬ್ಲಾಸ್ಟರ್’ ಎಂಬ ಧ್ವನಿಫಲಕವನ್ನು ಮಾರುಕಟ್ಟೆಗೆ ತಂದಿತು. ಈಗ ಆ ಕೆಲಸವನ್ನು ಮುಖ್ಯಫಲಕದ ಮೇಲಿನ ಚಿಕ್ಕ ಚಿಪ್ಪೇ ಮಾಡುತ್ತದೆ.

ಇಲ್ಲಿ ಒಂದು ಉಪಮಾನವನ್ನು ಕೊಡಬಹುದು. ನಮ್ಮ ಬಡಾವಣೆಗಳಿಗೆ ಕಾವೇರಿಯ ನೀರು ಬರುವುದು ಸುಮಾರು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ. ಅಡಿಗೆಮನೆಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಯಾವ ಗೃಹಿಣಿಯೂ ತೊರೆಕಾಡನಹಳ್ಳಿಗೆ ಓಡುವುದಿಲ್ಲ. ಮೊದಲು ನಲ್ಲಿ ತಿರುಗಿದೆಯೇ ಎಂದು ನೋಡುತ್ತಾಳೆ. ಬಳಿಕ ಮೇಲಿನ ತೊಟ್ಟಿ, ಅನಂತರ ಸಂಪು, ಆಮೇಲೆ ಬೀದಿಯ ವಾಲ್ವು. ಧ್ವನಿಯ ವಿಷಯದಲ್ಲಿಯೂ ಇದೇ ವಿವೇಕ ಸಾಕು: ಕೊನೆಯಿಂದ ಮೊದಲಿಗೆ, ಸುಲಭದಿಂದ ಕಠಿಣಕ್ಕೆ.

ಮೊದಲ ಪರೀಕ್ಷೆಗಳು

ಸ್ಪೀಕರಿಗೆ ವಿದ್ಯುತ್ತು ಬಂದಿದೆಯೇ, ಅದರ ತಿರುಗುಗುಂಡಿ ಪೂರ್ತಿ ಇಳಿದಿದೆಯೇ, ಕೀಲಿಮಣೆಯ ಮೌನದ ಗುಂಡಿಯನ್ನು ಯಾರಾದರೂ ಒತ್ತಿದ್ದಾರೆಯೇ ನೋಡಿರಿ. ನಗಬೇಡಿ, ಎಷ್ಟೋ ‘ಕೆಟ್ಟುಹೋದ’ ಯಂತ್ರಗಳು ಇಷ್ಟಕ್ಕೇ ಸರಿಹೋಗುತ್ತವೆ. ಮೇಜಿನ ಕಂಪ್ಯೂಟರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಮೂರು ಬಣ್ಣದ ರಂಧ್ರಗಳಿರುತ್ತವೆ. ಹಸುರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನ ಧ್ವನಿಯನ್ನು ಒಳತರುವುದಕ್ಕೆ. ಮನೆ ಗುಡಿಸಿದ ಮಾರನೆಯ ದಿನ ಸ್ಪೀಕರಿನ ಪಿನ್ನು ಹಸುರಿನಿಂದ ಗುಲಾಬಿಗೆ ವರ್ಗವಾಗಿರುವುದು ಅಪರೂಪವಲ್ಲ.

ಪಿನ್ನು ಪೂರ್ತಿ ಒಳಹೊಗದಿದ್ದರೆ ಒಂದು ವಿಚಿತ್ರವನ್ನು ಕಾಣಬಹುದು: ವಾದ್ಯಗಳು ಕೇಳಿಸುತ್ತವೆ, ಹಾಡುವವರ ಕಂಠ ಮಾತ್ರ ಮಾಯ! ಎಡಬಲಗಳೆರಡಕ್ಕೂ ಸಮಾನವಾದ ಹಿಂತಂತಿಯ ಸಂಪರ್ಕವು ಕಡಿದಾಗ, ಎಡ ಬಲ ಸಂಕೇತಗಳ ವ್ಯತ್ಯಾಸವಷ್ಟೇ ಸ್ಪೀಕರಿಗೆ ಸಿಗುತ್ತದೆ. ಗಾಯಕರ ಕಂಠವನ್ನು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಹಾಕಿರುವುದರಿಂದ ಅದು ಕಳೆದು ಸೊನ್ನೆಯಾಗುತ್ತದೆ. ಪಿನ್ನನ್ನು ಒತ್ತಿ ಕೂರಿಸಿದರೆ ಗಾಯಕರು ಹಿಂದಿರುಗುತ್ತಾರೆ.

ಇದಾದಮೇಲೆ ಅದಲುಬದಲು ಪರೀಕ್ಷೆ. ಆ ಸ್ಪೀಕರನ್ನು ಮೊಬೈಲಿಗೆ ಜೋಡಿಸಿ ನೋಡಿರಿ. ಅಲ್ಲಿ ಮಾತನಾಡಿದರೆ ಸ್ಪೀಕರು ನಿರ್ದೋಷಿ. ಬೇರೊಂದು ಇಯರ್‌ಫೋನನ್ನು ಕಂಪ್ಯೂಟರಿಗೆ ಹಾಕಿ ನೋಡಿರಿ. ಅದರಲ್ಲಿ ಕೇಳಿಸಿದರೆ ಕಂಪ್ಯೂಟರು ನಿರ್ದೋಷಿ. ಎರಡೇ ಪರೀಕ್ಷೆಗಳಲ್ಲಿ ಅರ್ಧ ದಾರಿ ಕಳೆದಂತಾಯಿತು.

ದಾರಿ ತಪ್ಪಿದ ಧ್ವನಿ

ಈಗಿನ ಕಂಪ್ಯೂಟರಿಗೆ ಬಾಯಿ ಒಂದಲ್ಲ: ಅದರದೇ ಸ್ಪೀಕರು, ಹೆಡ್‌ಫೋನು, ಬ್ಲೂಟೂತ್, ಎಚ್.ಡಿ.ಎಂ.ಐ. ತಂತಿಯ ಮೂಲಕ ಟೆಲಿವಿಷನ್ನು. ಯಾವುದರಿಂದ ಮಾತನಾಡಬೇಕೆಂಬುದನ್ನು ವ್ಯವಸ್ಥೆಯೇ ತೀರ್ಮಾನಿಸುವುದುಂಟು; ಆ ತೀರ್ಮಾನ ತಪ್ಪುವುದೂ ಉಂಟು. ಆಗ ಧ್ವನಿಯು ಹುಟ್ಟಿರುತ್ತದೆ, ಆದರೆ ನಾವಿಲ್ಲದ ಕಡೆ ಹೋಗಿರುತ್ತದೆ. ಸೆಟ್ಟಿಂಗ್ಸಿನಲ್ಲಿ ಸಿಸ್ಟಂ, ಅದರಲ್ಲಿ ಸೌಂಡ್ ಎಂಬ ಪುಟವನ್ನು ತೆರೆದರೆ ಔಟ್‌ಪುಟ್ ಎಂಬಲ್ಲಿ ಈ ಬಾಯಿಗಳ ಪಟ್ಟಿ ಕಾಣುತ್ತದೆ. ಬೇಕಾದುದನ್ನು ಆರಿಸಿದರೆ ಸಾಕು. ಒಂದು ತಂತ್ರಾಂಶ ಮಾತ್ರ ಮೂಕವಾಗಿದ್ದು ಮಿಕ್ಕವು ಮಾತನಾಡುತ್ತಿದ್ದರೆ ಅದೇ ಪುಟದ ‘ವಾಲ್ಯೂಮ್ ಮಿಕ್ಸರ್’ ನೋಡಬೇಕು. ಅಲ್ಲಿ ಪ್ರತಿ ತಂತ್ರಾಂಶಕ್ಕೂ ಬೇರೆ ಬೇರೆ ಅಳತೆಪಟ್ಟಿ ಇರುತ್ತದೆ.

ಬ್ಲೂಟೂತ್ ಹೆಡ್‌ಫೋನಿನಲ್ಲಿ ಇನ್ನೊಂದು ತೊಡಕು. ಅದರ ಮೈಕನ್ನೂ ಉಪಯೋಗಿಸತೊಡಗಿದೊಡನೆ ಸಂಗೀತವು ಹಳೆಯ ಟೆಲಿಫೋನಿನಂತೆ ಬಡವಾಗುವುದುಂಟು. ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಕಿರಿದಾದ ಹಾದಿಯನ್ನು ಹಂಚಿಕೊಳ್ಳಬೇಕಾಗುವುದೇ ಕಾರಣ. ಮೈಕಾಗಿ ಕಂಪ್ಯೂಟರಿನದನ್ನೇ ಆರಿಸಿದರೆ ಸಂಗೀತವು ಸುಧಾರಿಸುತ್ತದೆ.

ದುಭಾಷಿಯ ತಪ್ಪು

ಇಷ್ಟಾದರೂ ಫಲವಿಲ್ಲದಿದ್ದರೆ ಡ್ರೈವರನ್ನು ಸಂದೇಹಿಸಬೇಕು. ಮೊದಲು ಯಂತ್ರವನ್ನು ಒಮ್ಮೆ ‘ರೀಸ್ಟಾರ್ಟ್’ ಮಾಡಿರಿ. ಬಳಿಕ ‘ಡಿವೈಸ್ ಮ್ಯಾನೇಜರ್’ ತೆರೆದು ಧ್ವನಿಸಾಧನದ ಹೆಸರನ್ನು ಹುಡುಕಿರಿ. ಅದರ ಪಕ್ಕದಲ್ಲಿ ಹಳದಿ ಗುರುತಿದ್ದರೆ ದುಭಾಷಿಗೆ ಕಾಯಿಲೆಯೆಂದು ತಿಳಿಯಬೇಕು. ‘ಅಪ್‌ಡೇಟ್’ ಆದ ಮಾರನೆಯ ದಿನದಿಂದಲೇ ತೊಂದರೆ ಮೊದಲಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿಯಿಂದ ಹಿಂದಿನ ಡ್ರೈವರಿಗೆ ಮರಳಬಹುದು. ಇಲ್ಲವಾದರೆ ಸಾಧನವನ್ನು ಅಲ್ಲಿಂದ ತೆಗೆದುಹಾಕಿ ಯಂತ್ರವನ್ನು ಪುನಃ ಪ್ರಾರಂಭಿಸಿದಲ್ಲಿ ವಿಂಡೋಸ್ ಸಾಮಾನ್ಯವಾಗಿ ತಾನೇ ಹೊಸದಾಗಿ ಡ್ರೈವರನ್ನು ಸ್ಥಾಪಿಸಿಕೊಳ್ಳುತ್ತದೆ.

ಚಿಪ್ಪೇ ಕೆಟ್ಟಿದ್ದರೂ ಎದೆಗುಂದಬೇಕಿಲ್ಲ. ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಯು.ಎಸ್.ಬಿ. ಧ್ವನಿಸಾಧನವು ಕೆಲವು ನೂರು ರೂಪಾಯಿಗಳಿಗೆ ಸಿಗುತ್ತದೆ. ಬೆರಳುದ್ದದ ಆ ವಸ್ತುವನ್ನು ಸಿಕ್ಕಿಸಿದರೆ ಕೆಟ್ಟ ಚಿಪ್ಪಿನ ಹಂಗೇ ಇಲ್ಲ.

ಗುಂಯ್‌ಗುಡುವ ಶಬ್ದ

ಮೌನಕ್ಕಿಂತ ಬೇರೆಯಾದ ದೋಷವೂ ಉಂಟು. ಸದಾ ‘ಗುಂಯ್’ ಎನ್ನುವ ನಾದ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಆ ನಾದ ಬಹುತೇಕ ಅದರದೇ ಮರಿ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿರಿ. ನಾದವು ನಿಂತರೆ ದೋಷವು ವಿದ್ಯುತ್ತಿನ ದಾರಿಯಲ್ಲಿದೆ. ಕಂಪ್ಯೂಟರನ್ನೂ ಸ್ಪೀಕರನ್ನೂ ಒಂದೇ ಬೋರ್ಡಿಗೆ ಹಾಕಿದರೆ ಎಷ್ಟೋ ವೇಳೆ ಶಮನವಾಗುತ್ತದೆ. ಆದರೆ ನಾದವನ್ನು ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ನನ್ನು ಎಂದಿಗೂ ಕತ್ತರಿಸಕೂಡದು. ಪ್ರಾಣವನ್ನು ಕಾಯುವ ತಂತಿ ಅದು. ಹಳೆಯ ಮನೆಗಳಲ್ಲಿ ಅರ್ತಿಂಗನ್ನು ಬಲ್ಲವರಿಂದ ಪರೀಕ್ಷಿಸುವುದು ಲೇಸು.

ಒಂದು ನಿದರ್ಶನ

ಈ ವಿಷಯವನ್ನು ಕುರಿತು ಬರೆಯಲು ನನ್ನನ್ನು ಪ್ರೇರಿಸಿದ ಘಟನೆಯನ್ನು ಈಗ ಹೇಳುತ್ತೇನೆ. ನನ್ನ ಸಹಪಾಠಿಯೊಬ್ಬನಿಗೆ ಹುಟ್ಟಿನಿಂದ ಕಣ್ಣು ಕಾಣದು. ಜೆ.ಪಿ. ನಗರದಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾನೆ. 1969ರಲ್ಲಿ ಪ್ರಾರಂಭವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇರುವ ಆ ಬಡಾವಣೆಯಲ್ಲಿ ಬಿಳಿಯ ಕೋಲು ಹಿಡಿದು ನಡೆಯುವ ವಿದ್ಯಾರ್ಥಿಗಳು ಎಲ್ಲರಿಗೂ ಪರಿಚಿತರೇ. ನನ್ನ ಮಿತ್ರನು ಓದುವುದು ಎನ್.ವಿ.ಡಿ.ಎ. ಎಂಬ ತಂತ್ರಾಂಶದ ನೆರವಿನಿಂದ. ಪರದೆಯ ಮೇಲಿನ ಬರಹವನ್ನೆಲ್ಲ ಅದು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಅದನ್ನು ರಚಿಸತೊಡಗಿದರು. ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ಅಂಧರೇ. ತಂತ್ರಾಂಶವನ್ನು ಅವರು ಉಚಿತವಾಗಿ ಹಂಚಿದರು.

ಇತಿಹಾಸದ ಪರೀಕ್ಷೆಗೆ ಎರಡು ದಿನವಿದ್ದಾಗ ಅವನ ಫೋನು ಬಂದಿತು. “ನನ್ನ ಲ್ಯಾಪ್‌ಟಾಪಿನ ಬಾಯಿ ಕಟ್ಟಿಹೋಗಿದೆ ಕಣೋ. ನೋಟ್ಸೆಲ್ಲ ಅದರಲ್ಲೇ ಇದೆ. ಅಂಗಡಿಯವನು ಬೋರ್ಡೇ ಬದಲಾಯಿಸಬೇಕು, ಮೂರು ದಿನ ಬಿಟ್ಟುಹೋಗಿ ಅಂತಾನೆ” ಎಂದನು. ನಮಗೆ ಧ್ವನಿ ಹೋದರೆ ಹಾಡು ಹೋಗುತ್ತದೆ. ಅವನಿಗೆ ಪುಸ್ತಕವೇ ಹೋಗುತ್ತದೆ. ಮೂರು ದಿನವೆಂದರೆ ಪರೀಕ್ಷೆಯೇ ಕಳೆದಿರುತ್ತದೆ.

ಫೋನಿನಲ್ಲಿಯೇ ಒಂದೊಂದಾಗಿ ನೋಡಿದೆವು. “ಅಕ್ಕಾ, ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತುತ್ತಾ ನೋಡಿ” ಎಂದೆ. ಹತ್ತುತ್ತದೆ ಎಂದರು ಅವರು. ಯಂತ್ರಕ್ಕೆ ಜೀವವಿದೆಯೆಂದಾಯಿತು. ಎನ್.ವಿ.ಡಿ.ಎ.ಯಲ್ಲಿ ಅದರ ವಿಶೇಷ ಕೀಲಿಯೊಡನೆ ‘ಎಸ್’ ಒತ್ತಿದರೆ ಮಾತು ನಿಲ್ಲುವ ಏರ್ಪಾಡೊಂದಿದೆ. ಕೈತಪ್ಪಿ ಒತ್ತಿರಬಹುದೆಂದು ಅದನ್ನೂ ಸರದಿಯಂತೆ ತಿರುಗಿಸಿ ನೋಡಿದನು. ಮಾತಿಲ್ಲ. ಮನೆಯಲ್ಲಿದ್ದ ಯು.ಎಸ್.ಬಿ. ಹೆಡ್‌ಫೋನನ್ನು ಸಿಕ್ಕಿಸಲು ಹೇಳಿದೆ. ಹೊಸದಾಗಿ ಬಂದ ಸಾಧನಕ್ಕೆ ವಿಂಡೋಸ್ ಸಾಮಾನ್ಯವಾಗಿ ಧ್ವನಿಯನ್ನು ತಿರುಗಿಸುತ್ತದೆ. ಅರೆಕ್ಷಣದಲ್ಲಿ, “ಬಂತು! ಮಾತಾಡ್ತಿದೆ!” ಎಂದು ಕೂಗಿದನು.

ಹಾಗಾದರೆ ತಂತ್ರಾಂಶವೂ ವ್ಯವಸ್ಥೆಯೂ ಸರಿಯಾಗಿವೆ. ತಪ್ಪಿರುವುದು ಬಾಯಿಯ ಆಯ್ಕೆ ಎಂದು ತಿಳಿಯಿತು. ಇನ್ನು ನನ್ನ ಅಗತ್ಯವೇ ಇರಲಿಲ್ಲ. ಅವನೇ ಸೌಂಡ್ ಪುಟವನ್ನು ತೆರೆದು, ಪಟ್ಟಿಯನ್ನು ಕಿವಿಯಿಂದ ಓದಿದನು: ಹೆಡ್‌ಫೋನು, ಸ್ಪೀಕರು, ಮೂರನೆಯದಾಗಿ ಟೆಲಿವಿಷನ್ನು! ಹಿಂದಿನ ರಾತ್ರಿ ಭಾವ ಸಿನಿಮಾ ನೋಡಲೆಂದು ಟೆಲಿವಿಷನ್ನಿಗೆ ಜೋಡಿಸಿದ್ದ ತಂತಿಯನ್ನು ತೆಗೆಯಲು ಮರೆತಿದ್ದರು. ಮುಚ್ಚಿದ ಟೆಲಿವಿಷನ್ನಿಗೆ ಲ್ಯಾಪ್‌ಟಾಪು ಬೆಳಗಿನಿಂದ ಇತಿಹಾಸವನ್ನು ಪಾಠಮಾಡುತ್ತಿತ್ತು. ತಂತಿಯನ್ನು ಕಿತ್ತು ಸ್ಪೀಕರನ್ನು ಆರಿಸಿದನು. ಖರ್ಚು ಸೊನ್ನೆ, ಹಿಡಿದ ಕಾಲ ಇಪ್ಪತ್ತು ನಿಮಿಷ. ಪರೀಕ್ಷೆಗೆ ಅವನು ಓದಿಕೊಂಡೇ ಬಂದನು.

ಉಪಸಂಹಾರ

ಈ ನಿದರ್ಶನದಿಂದ ನಾವು ಗ್ರಹಿಸಬೇಕಾದುದು ಮೂರು. ಒಂದನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ನಾಲ್ಕನ್ನು ಒಟ್ಟಿಗೆ ಮಾಡಿದರೆ ಯಾವುದು ರೋಗ, ಯಾವುದು ಮದ್ದು ಎಂಬುದು ತಿಳಿಯದು. ಎರಡನೆಯದಾಗಿ, ಮಾಡಿದ್ದನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಹಿಂದಿರುಗಲು ಅದೇ ದಾರಿ. ಮೂರನೆಯದಾಗಿ, ಬೋರ್ಡು ಕೆಟ್ಟಿದೆಯೆಂಬ ತೀರ್ಪು ಕಟ್ಟಕಡೆಯದಾಗಬೇಕೇ ಹೊರತು ಮೊದಲಿನದಲ್ಲ.

ಓದುಗ ಮಿತ್ರರಲ್ಲಿ ಒಂದು ವಿಜ್ಞಾಪನೆ. ನಮ್ಮ ತರಗತಿಗಳಲ್ಲಿ ಕಿವಿಯಿಂದಲೇ ಓದುವ ಸಹಪಾಠಿಗಳಿದ್ದಾರೆ. ಅವರ ಚೀಲದಲ್ಲಿ ಒಂದು ತಂತಿಯ ಹೆಡ್‌ಫೋನು ಸದಾ ಇರುವಂತೆ ನೋಡಿಕೊಳ್ಳೋಣ. ಈ ನಾಲ್ಕು ಪರೀಕ್ಷೆಗಳನ್ನು ನಾವೂ ಕಲಿತಿರೋಣ. ಯಂತ್ರವು ಮೂಕವಾದ ದಿನ ಅವರು ಮೊದಲು ಕರೆಯುವುದು ಅಂಗಡಿಯವನನ್ನಲ್ಲ, ನಮ್ಮನ್ನು.