ಮನೆಯ ಸರ್ವರಿನಲ್ಲಿ ಹೋಮ್ ಅಸಿಸ್ಟೆಂಟ್: ಯಾವ ಸ್ಥಾಪನೆ ನಮಗೆ ತಕ್ಕದ್ದು?

ಉಳ್ಳಾರ್ತಿ ಕಾವಲಿನ ಆಸುಪಾಸಿನಲ್ಲಿ ಮನೆಯೂ ಚಳ್ಳಕೆರೆ ಪೇಟೆಯಲ್ಲಿ ಎಣ್ಣೆ ಗಿರಣಿಯೋ ಮಂಡಿಯೋ ಇರುವ ಸದಸ್ಯರು, ನೀರಿನ ಮೋಟಾರು, ದೀಪ, ಗೋದಾಮಿನ ಕ್ಯಾಮೆರಾಗಳನ್ನು ಒಂದೆಡೆಯಿಂದಲೇ ನೋಡಿಕೊಳ್ಳಲು ಬಯಸುವುದು ಸಹಜ. ಇದಕ್ಕೆ ಒದಗುವ ಉಚಿತ ತಂತ್ರಾಂಶವೇ ಹೋಮ್ ಅಸಿಸ್ಟೆಂಟ್. 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ ಈ ಯೋಜನೆಯು 2024ರಿಂದ ಓಪನ್ ಹೋಮ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಮನೆಯ ಜಾಲದಲ್ಲೇ ಮಾತನಾಡುವ ಉಪಕರಣಗಳನ್ನು ಆರಿಸಿಕೊಂಡರೆ, ಅಂತರಜಾಲ ಕಡಿತಗೊಂಡರೂ ಕೆಲಸ ನಿಲ್ಲದು.

ಸ್ಥಾಪನೆಗೆ ಈಗ ಉಳಿದಿರುವ ಅಧಿಕೃತ ಮಾರ್ಗಗಳು ಎರಡು. ಮೊದಲನೆಯದು ಹೋಮ್ ಅಸಿಸ್ಟೆಂಟ್ ಓಎಸ್. ಇದು ಇಡೀ ಯಂತ್ರವನ್ನು, ಇಲ್ಲವೇ ಒಂದು ವರ್ಚುವಲ್ ಯಂತ್ರವನ್ನು ತಾನೇ ವಹಿಸಿಕೊಳ್ಳುತ್ತದೆ. ಪೂರಕ ತಂತ್ರಾಂಶಗಳೂ ನವೀಕರಣಗಳೂ ಪರದೆಯ ಮೇಲಿನ ಗುಂಡಿಯಿಂದಲೇ ದೊರೆಯುತ್ತವೆ. ಎರಡನೆಯದು ಡಾಕರ್ ಕಂಟೇನರ್. ಲಿನಕ್ಸ್ ಸರ್ವರನ್ನು ಈಗಾಗಲೇ ನಡೆಸುತ್ತಿರುವವರಿಗೆ ಇದು ಸೊಗಸು. ಆದರೆ ಪೂರಕ ತಂತ್ರಾಂಶಗಳನ್ನು ತಾವೇ ಬೇರೆಬೇರೆಯಾಗಿ ಸ್ಥಾಪಿಸಿ ಪಾಲಿಸಬೇಕು. ಲಿನಕ್ಸ್ ಬಲ್ಲ ಹುಡುಗನೊಬ್ಬ ಊರು ಬಿಟ್ಟು ಬೆಂಗಳೂರಿಗೆ ಹೋದರೆ ಆ ಪಾಲನೆ ಯಾರದು? ಆದುದರಿಂದ ನಮ್ಮ ಬಹುಪಾಲು ಸದಸ್ಯರಿಗೆ ಓಎಸ್ ಮಾರ್ಗವೇ ಲೇಸೆಂದು ನನ್ನ ಅಭಿಪ್ರಾಯ.

ಹಿಂದೆ ಕೋರ್, ಸೂಪರ್‌ವೈಸ್ಡ್ ಎಂಬ ಇನ್ನೆರಡು ಮಾರ್ಗಗಳಿದ್ದವು. ಅವುಗಳನ್ನೂ 32 ಬಿಟ್ ಯಂತ್ರಗಳನ್ನೂ ಕೈಬಿಡುವುದಾಗಿ 2025ರ ಮೇ ತಿಂಗಳಲ್ಲಿ ಪ್ರಕಟಿಸಲಾಯಿತು; 2025.12 ಆವೃತ್ತಿಯೊಡನೆ ಬೆಂಬಲ ಮುಗಿಯಿತು. ಹಳೆಯ ಪುಸ್ತಕವನ್ನೋ ಲೇಖನವನ್ನೋ ಅನುಸರಿಸಿ ಹಾಗೆ ಸ್ಥಾಪಿಸಿಕೊಂಡವರು ಬ್ಯಾಕಪ್ ತೆಗೆದು ಓಎಸ್‌ಗೆ ಬದಲಾಯಿಸಿಕೊಳ್ಳುವುದು ಒಳಿತು.

ಅಂಗಡಿಯ ಟ್ಯಾಲಿ ಗಣಕದಲ್ಲೇ ವರ್ಚುವಲ್ ಯಂತ್ರ ಹೂಡಿದರೆ ಖರ್ಚು ಉಳಿಯದೇ ಎಂದು ಕೆಲವರು ಕೇಳುವುದುಂಟು. ಉಳಿಯುತ್ತದೆ; ಆದರೆ ಸಂಜೆ ಲೆಕ್ಕ ಮುಗಿಸಿ ಗಣಕ ಆರಿಸಿದೊಡನೆ ಮನೆಯ ಏರ್ಪಾಡೂ ಮಲಗುತ್ತದೆ. ರಾಸ್ಪ್‌ಬೆರಿ ಪೈ 4 ಅಥವಾ 5, ಇಲ್ಲವೇ ಬಳಸಿದ ಪುಟ್ಟ ಗಣಕವೊಂದನ್ನು ಇದಕ್ಕೆಂದೇ ಮೀಸಲಿಡಿರಿ.

ನಿಜವಾದ ಅಪಾಯವಿರುವುದು ವಿದ್ಯುತ್ತಿನಲ್ಲಿ. ಈ ತಂತ್ರಾಂಶ ಸದಾ ಏನನ್ನಾದರೂ ದಾಖಲಿಸುತ್ತಲೇ ಇರುವುದರಿಂದ ಮೆಮೊರಿ ಕಾರ್ಡು ಸವೆಯುತ್ತದೆ. ನಡುವೆ ಕರೆಂಟು ಹೋದರೆ ಕಡತಗಳು ಕೆಡಬಹುದು. ಎಸ್‌ಎಸ್‌ಡಿ ಮತ್ತು ಸಣ್ಣ ಯುಪಿಎಸ್ ಅಗತ್ಯ. ಬ್ಯಾಕಪ್ಪಿನ ಪ್ರತಿಯನ್ನು ಬೇರೆ ಯಂತ್ರದಲ್ಲಿಡಿ. ಅದರ ಗೂಢಲಿಪಿ ಕೀಲಿಯನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿರಿಸಿ. ಕೀಲಿಯಿಲ್ಲದೆ ಆ ಬ್ಯಾಕಪ್ ತೆರೆಯದು. ಬೋರ್‌ವೆಲ್ ಮೋಟಾರನ್ನು ಮಾತ್ರ ಸ್ಮಾರ್ಟ್ ಪ್ಲಗ್‌ಗೆ ನೇರವಾಗಿ ಜೋಡಿಸಬೇಡಿ. ಸ್ಟಾರ್ಟರಿನ ಕಾಂಟ್ಯಾಕ್ಟರ್ ಮೂಲಕ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಸಂಪರ್ಕ ಕೊಡಿಸಿರಿ.