ಪಿಕಪ್ ಬೆನ್ನ ಮೇಲಿನ ಮನೆ: ಜಾಗ ಹುಟ್ಟಿಸುವ ಹತ್ತು ಸೂತ್ರಗಳು

ಅಮೆರಿಕದ ರಸ್ತೆಗಳಲ್ಲಿ ಪಿಕಪ್ ಟ್ರಕ್ಕೊಂದು ಆಮೆಯ ಹಾಗೆ ಮನೆ ಹೊತ್ತು ಹೋಗುವುದನ್ನು ನೋಡಿರಬಹುದು. ಅದೇ ಟ್ರಕ್ ಕ್ಯಾಂಪರ್. ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಅಲ್ಲ. ಟ್ರಕ್ಕಿನ ಹಿಂಬದಿಯ ತೊಟ್ಟಿಯೊಳಗೇ ಕೂರುವ ಡಬ್ಬಿ. ಬೇಡವಾದಾಗ ನಾಲ್ಕು ಜ್ಯಾಕುಗಳ ಮೇಲೆ ಎತ್ತಿ ನಿಲ್ಲಿಸಿ ಟ್ರಕ್ಕನ್ನು ಕೆಳಗಿನಿಂದ ಓಡಿಸಿಕೊಂಡು ಬಂದುಬಿಡಬಹುದು. ಒಳಗೆ ಒಲೆ, ಫ್ರಿಜ್ಜು, ಇಬ್ಬರು ಕೂರುವ ಮೇಜು, ಡ್ರೈವರ್ ತಲೆಯ ಮೇಲೆ ಚಾಚಿಕೊಂಡ ಅಟ್ಟದಲ್ಲಿ ಹಾಸಿಗೆ. ಅರಿಜೋನಾದಲ್ಲಿರುವ ನಾವಿಬ್ಬರೂ ಹಳೆಯದೊಂದನ್ನು ಕೊಂಡು ನಾಲ್ಕು ವರ್ಷವಾಯಿತು. ಮೊದಲ ಸಲ ಒಳಗೆ ಕಾಲಿಟ್ಟ ಅಮ್ಮ ತಿರುಗಿ ನೋಡಿ, "ಚೆನ್ನಾಗಿದೆ ಕಣೇ, ಆದ್ರೆ ತಿರುಗೋಕೆ ಆಚೆ ಹೋಗ್ಬೇಕಲ್ಲೇ" ಅಂದಳು. ಅಲ್ಲಿಂದ ಶುರುವಾದ ರಿಪೇರಿಗಳಲ್ಲಿ ಉಳಿದುಕೊಂಡವು ಇಲ್ಲಿವೆ.

1. ಮೊದಲು ಬಾಗಿಲ ಮೇಲಿನ ಚೀಟಿ ಓದಿ

ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಹಳದಿ ಅಂಚಿನ ಚೀಟಿ ಇರುತ್ತದೆ. ಜನ, ಸಾಮಾನು ಎಲ್ಲ ಸೇರಿ ಈ ಟ್ರಕ್ಕು ಎಷ್ಟು ಹೊರಬಹುದು ಎಂಬ ಲೆಕ್ಕ ಅದರಲ್ಲಿದೆ. ನಮ್ಮದು 1,450 ಕಿಲೋ. ಬೇಕಾದಷ್ಟಾಯಿತು ಅನ್ನಿಸಿತು. ಖಾಲಿ ಕ್ಯಾಂಪರೇ 1,040 ಕಿಲೋ. 30 ಗ್ಯಾಲನ್ ನೀರು ಅಂದರೆ 113 ಕಿಲೋ. ನಾವಿಬ್ಬರು 135. ಎರಡು ತುಂಬಿದ ಗ್ಯಾಸ್ ಸಿಲಿಂಡರ್ 34. ಕೂಡಿ ಕಳೆದರೆ ಮಿಕ್ಕಿದ್ದು 128 ಕಿಲೋ. ಹಾಸಿಗೆ, ಬಟ್ಟೆ, ಬ್ಯಾಟರಿ, ಅಕ್ಕಿ, ಕುಕ್ಕರು, ಇನ್ನು ಹೊಡೆಯಬೇಕೆಂದಿರುವ ಶೆಲ್ಫು, ಎಲ್ಲಕ್ಕೂ ಅಷ್ಟೇ.

ಕ್ಯಾಂಪರ್ ಮಾರುವವರು ಹೇಳುವ ತೂಕದಲ್ಲಿ ನೀರೂ ಇರುವುದಿಲ್ಲ, ನೀವೂ ಇರುವುದಿಲ್ಲ. ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳಲ್ಲಿ ಲಾರಿ ತೂಗುವ ತಕ್ಕಡಿ ಇರುತ್ತದೆ. ಪ್ರವಾಸಕ್ಕೆ ಹೊರಡುವ ಹಾಗೆಯೇ ಎಲ್ಲ ತುಂಬಿಕೊಂಡು ಹೋಗಿ ತೂಗಿಸಿ. ಮುಂದಿನ ಗಾಲಿಗಳ ಮೇಲೆಷ್ಟು, ಹಿಂದಿನವುಗಳ ಮೇಲೆಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ. ಆ ರಸೀತಿ ಕೈಗೆ ಬರುವವರೆಗೆ ಒಂದು ಕೊಕ್ಕೆಯನ್ನೂ ಕೊಳ್ಳಬೇಡಿ.

2. ಹತ್ತು ರಾತ್ರಿ ಏನನ್ನೂ ಹೊಡೆಯಬೇಡಿ

ಮಲಗಿ, ಎದ್ದು, ಅಡಿಗೆ ಮಾಡಿ ನೋಡಿ. ಕತ್ತಲಲ್ಲಿ ಕನ್ನಡಕ ಇಡಲು ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಬಣ್ಣದ ಟೇಪಿನ ತುಂಡು ಅಂಟಿಸಿ. ಒದ್ದೆ ಟವೆಲ್, ಮಣ್ಣಾದ ಚಪ್ಪಲಿ, ಫೋನಿನ ಚಾರ್ಜರ್ ಎಲ್ಲಕ್ಕೂ ಹಾಗೆಯೇ. ನಾವು ಮನೆಯಲ್ಲೇ ಕುಳಿತು ಯೋಚಿಸಿ ಮಾಡಿಸಿದ ಚಂದದ ಚಪ್ಪಲಿ ಗೂಡು ಈಗ ಗ್ಯಾರೇಜಿನಲ್ಲಿದೆ. ಚಪ್ಪಲಿ ಬಿಡುವುದು ಬಾಗಿಲ ಮೆಟ್ಟಿಲ ಪಕ್ಕದ ಪ್ಲಾಸ್ಟಿಕ್ ಟಬ್ಬಿನಲ್ಲಿ.

3. ನೆಲುವು ಕಟ್ಟಿ

ಇದು ಅಮ್ಮನದು. ಈರುಳ್ಳಿ ಎಲ್ಲಿಡುವುದು ಎಂದು ನಾನು ಅಂಗಡಿಯ ಬುಟ್ಟಿಗಳ ಅಳತೆ ತೆಗೆಯುತ್ತಿದ್ದರೆ ಅವಳು, "ಒಂದು ನೆಲುವು ಕಟ್ಟೇ, ನೆಲದ ಮೇಲೆ ಜಾಗ ಇಲ್ದೆ ಇದ್ರೆ ಮೇಲಿಲ್ವಾ?" ಅಂದಳು. ತುಮಕೂರಿನ ಅಜ್ಜಿ ಮನೆಯಲ್ಲಿ ಬೆಕ್ಕಿಗೆ ಎಟುಕದಂತೆ ಹಾಲು ಮೊಸರಿನ ಗಡಿಗೆ ತೂಗುತ್ತಿದ್ದ ಹಗ್ಗದ ನೆಲುವು ನನಗೂ ನೆನಪಿದೆ. ನೂಲಿನ ಬಲೆಯೊಂದನ್ನು ಸಿಂಕಿನ ಮೇಲೆ ತೂಗುಹಾಕಿದೆವು. ತೂಕ ಇಲ್ಲವೆಂದರೂ ಸರಿ. ಗಾಳಿಯಾಡುವುದರಿಂದ ಈರುಳ್ಳಿ ಮೊಳೆಯುವುದೂ ನಿಧಾನವಾಯಿತು.

ಆದರೆ ಅಜ್ಜಿಯ ಮನೆ ಗಂಟೆಗೆ ನೂರು ಕಿಲೋಮೀಟರ್ ಓಡುತ್ತಿರಲಿಲ್ಲ. ಒಂದೇ ಕೊಕ್ಕೆಗೆ ತೂಗಿದ ಬಲೆ ಮೊದಲ ತಿರುವಿನಲ್ಲೇ ಗೋಡೆಗೆ ಬಡಿದು ಬಾಳೆಹಣ್ಣು ರಸಾಯನವಾಯಿತು. ಈಗ ತೊಟ್ಟಿಲಿನಂತೆ ಎರಡೂ ತುದಿಗೆ ಕಟ್ಟಿದೆ. ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಬಿಟ್ಟಿದ್ದೇವೆ.

ಈ ಓಲಾಟವನ್ನೇ ಕೆಲಸಕ್ಕೆ ಹಚ್ಚಿದವರು ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. 1960ರಲ್ಲಿ ಆತ ನಾಯಿ ಚಾರ್ಲಿಯ ಜೊತೆ ಜಿಎಂಸಿ ಪಿಕಪ್ಪಿನ ಮೇಲಿನ ಕ್ಯಾಂಪರಿನಲ್ಲಿ ದೇಶ ಸುತ್ತಿದರು. ಗಾಡಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು, ರೋಸಿನಾಂಟೆ. ಮುಚ್ಚಳ ಬಿಗಿಯಿರುವ ಪ್ಲಾಸ್ಟಿಕ್ ಬಕೆಟ್ಟಿಗೆ ಕೊಳೆ ಬಟ್ಟೆ, ನೀರು, ಸೋಪು ಹಾಕಿ ಎಲಾಸ್ಟಿಕ್ ಹಗ್ಗದಲ್ಲಿ ತೂಗುಬಿಡುತ್ತಿದ್ದರು. ದಿನವಿಡೀ ಗಾಡಿ ಕುಲುಕಿ ಕುಲುಕಿ ಬಟ್ಟೆ ಒಗೆಯುತ್ತಿತ್ತು. ಆ ರೋಸಿನಾಂಟೆ ಇಂದಿಗೂ ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿರುವ ಸ್ಟೈನ್‌ಬೆಕ್ ಕೇಂದ್ರದಲ್ಲಿದೆ. ಬಕೆಟ್ ಉಪಾಯ ನಾವೂ ಮಾಡಿದೆವು. ಸಾಕ್ಸು, ಬನಿಯನ್ನಿಗೆ ಭೇಷ್. ಜೀನ್ಸಿಗೆ ಬೇಡ, ಹಿಂಡುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ.

4. ಗೋಡೆ ಕಂಡಲ್ಲಿ ಸ್ಕ್ರೂ ಹೊಡೆಯಬೇಡಿ

ಕ್ಯಾಂಪರಿನ ಗೋಡೆ ಒಂದೆರಡು ಅಂಗುಲ ದಪ್ಪ. ಒಳಗೆ ತೆಳು ಪ್ಲೈವುಡ್, ನಡುವೆ ಫೋಮ್, ಆಚೆ ಫೈಬರ್ ಗ್ಲಾಸ್ ಅಥವಾ ಅಲ್ಯುಮಿನಿಯಂ ಹಾಳೆ. ಮಧ್ಯೆ ಎಲ್ಲೋ ವೈರುಗಳೂ ಹಾದುಹೋಗಿರುತ್ತವೆ. ಬೆರಳಲ್ಲಿ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಗಟ್ಟಿಯಾದ ಕಡೆ ಚೌಕಟ್ಟಿದೆ. ಭಾರದ್ದೇನಿದ್ದರೂ ಅಲ್ಲಿಗೆ, ಅದೂ ಗಿಡ್ಡ ಸ್ಕ್ರೂನಲ್ಲಿ. ಹಗುರದ ಕೊಕ್ಕೆ, ಗೂಡುಗಳಿಗೆ ವಿಎಚ್‌ಬಿ ಎಂಬ ಎರಡು ಬದಿ ಅಂಟುವ ಟೇಪು ಸಾಕು. ಗೋಡೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಅಂಟಿಸಿ ಬಲವಾಗಿ ಒತ್ತಿ, ಮೂರು ದಿನ ಅದರ ತಂಟೆಗೆ ಹೋಗಬೇಡಿ. ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು.

5. ಪ್ರತಿ ಬಾಗಿಲಿಗೂ ಎರಡನೇ ಚಿಲಕ

ಯೂಟಾದ 12ನೇ ಹೆದ್ದಾರಿ ಬ್ರೈಸ್ ಕ್ಯಾನ್ಯನ್ ಹತ್ತಿರದಿಂದ ಹಾವಿನಂತೆ ಹೊರಳಿ ಹೋಗುತ್ತದೆ. ಸಂಜೆ ಗಾಡಿ ನಿಲ್ಲಿಸಿ ಹಿಂಬಾಗಿಲು ತೆಗೆದರೆ ಮೊಸರು ಮೆಟ್ಟಿಲಿಳಿದು ನಮ್ಮನ್ನು ಎದುರುಗೊಂಡಿತು. ಫ್ರಿಜ್ಜಿನ ಚಿಲಕ ತಿರುವಿನಲ್ಲಿ ಕಳಚಿ, ಎರಡು ಲೀಟರಿನ ಡಬ್ಬಿ ಹಾರಿ, ಅದರ ಹಿಂದೆ ಮಾವಿನಕಾಯಿ ಉಪ್ಪಿನಕಾಯಿ. ನಮ್ಮವರು ಟಾರ್ಚು ಹಿಡಿದರು, ನಾನು ರಾತ್ರಿ ಹತ್ತರವರೆಗೆ ಒರೆಸಿದೆ. ಎಣ್ಣೆ ಕಾರ್ಪೆಟ್ಟಿನಿಂದ ಹೋಗಲೇ ಇಲ್ಲ. ಆಮೇಲೆ ಕಾರ್ಪೆಟ್ಟೇ ಹೋಯಿತು. ಬಟ್ಟೆಯ ಪಟ್ಟಿ, ವೆಲ್ಕ್ರೋ, ಮಕ್ಕಳಿಗೆಂದು ಹಾಕುವ ಬೀಗ, ಯಾವುದಾದರೂ ಸರಿ, ಎರಡನೆಯದೊಂದು ಇರಲಿ. ಫ್ರಿಜ್ಜಿನೊಳಗೆ ಶೆಲ್ಫಿಗೆ ಅಡ್ಡವಾಗಿ ಸ್ಪ್ರಿಂಗ್ ಕೋಲು ಸಿಕ್ಕಿಸಿ. ಡಬ್ಬಿ ಗಾಜಿನದಾದರೆ ಹಳೇ ಸಾಕ್ಸು ತೊಡಿಸಿ.

6. ಭಾರ ಕೆಳಗೆ, ಹಪ್ಪಳ ಮೇಲೆ

ಅಕ್ಕಿ, ಕುಕ್ಕರು, ಸ್ಪ್ಯಾನರುಗಳು ನೆಲಮಟ್ಟದಲ್ಲಿ, ಸಾಧ್ಯವಾದಷ್ಟು ಮುಂದಕ್ಕೆ. ಅಟ್ಟದ ಗೂಡುಗಳಲ್ಲಿ ದಿಂಬು, ಸ್ವೆಟರು, ಹಪ್ಪಳ ಸಂಡಿಗೆ. ಹಿಂಬಾಗಿಲಿನ ಆಚೆ ತೂಗುವ ದೊಡ್ಡ ಪೆಟ್ಟಿಗೆಗಳನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಹಿಡಿಸುವುದಿಲ್ಲ. ಹಿಂದಿನ ಗಾಲಿಯಿಂದಾಚೆ ಬಿದ್ದ ಭಾರ ಮುಂದಿನ ಗಾಲಿಗಳನ್ನು ಎತ್ತುತ್ತದೆ. ಸ್ಟೀರಿಂಗ್ ಹಗುರವಾದಂತೆ ಅನಿಸಿದರೆ ಖುಷಿಪಡಬೇಡಿ, ಗಾಡಿ ನಿಲ್ಲಿಸಿ ಸಾಮಾನು ಮುಂದಕ್ಕೆ ತನ್ನಿ.

7. ಮರೆತ ಸಂದಿ

ಕ್ಯಾಂಪರಿನ ಬುಡಕ್ಕೂ ಟ್ರಕ್ಕಿನ ತೊಟ್ಟಿಯ ಗೋಡೆಗೂ ನಡುವೆ ಎರಡೂ ಬದಿ ಉದ್ದನೆಯ ಸಂದಿ ಇರುತ್ತದೆ. ಮಡಿಸುವ ಕುರ್ಚಿ, ನೀರಿನ ಪೈಪು, ಗಾಲಿ ಕೆಳಗಿಡುವ ಅಡ್ಡಮಣೆ ಅಲ್ಲಿಗೆ. ಧೂಳು, ನೀರು ಬರುವುದರಿಂದ ಜಿಪ್ ಚೀಲದಲ್ಲಿ ಹಾಕಿ ಕಟ್ಟಿ. ಪೆಟ್ರೋಲ್ ಕ್ಯಾನು ಮಾತ್ರ ಅಲ್ಲಿ ಬೇಡ.

8. ಬಲ್ಬು ಬದಲಿಸಿ

ಹಳೆಯ ಬಲ್ಬು 18 ವ್ಯಾಟ್ ತಿನ್ನುತ್ತದೆ, ಅಷ್ಟೇ ಬೆಳಕಿನ ಎಲ್ಇಡಿ ಎರಡು ಮೂರು. ಅರ್ಧ ಗಂಟೆಯ ಕೆಲಸ.

9. ಬ್ಯಾಟರಿ: ತೂಕ ಇಳಿಸುವ ಏಕೈಕ ಅಪ್‌ಗ್ರೇಡ್

100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಸುಮಾರು 28 ಕಿಲೋ. ಅದರಲ್ಲಿ ಅರ್ಧದಷ್ಟನ್ನೇ ಬಳಸಬೇಕು, ಬರಿದು ಮಾಡಿದಷ್ಟೂ ಆಯುಸ್ಸು ಕಡಿಮೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12 ಕಿಲೋ ಆಸುಪಾಸು, ಬಹುಪಾಲು ಪೂರ್ತಿ ಬಳಸಬಹುದು. ದುಡ್ಡು ಹೆಚ್ಚು, ನಿಜ. ಆದರೆ ಇದಕ್ಕೆ ಚಳಿ ಆಗದು: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೇ ಹಾಳಾಗುತ್ತದೆ. ಅರಿಜೋನಾ ಅಂದರೆ ಮರಳುಗಾಡು ಅಂದುಕೊಂಡವರು 2,100 ಮೀಟರ್ ಎತ್ತರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಜನವರಿಯ ಒಂದು ರಾತ್ರಿ ಕಳೆಯಲಿ. ಬ್ಯಾಟರಿಯನ್ನು ಆಚೆಯ ಪೆಟ್ಟಿಗೆಯಿಂದ ತೆಗೆದು ಸೀಟಿನ ಕೆಳಗೆ ಬೆಚ್ಚಗೆ ಕೂರಿಸಿ. ಚಾರ್ಜರನ್ನೂ ಅದಕ್ಕೆ ಒಗ್ಗುವಂಥದ್ದಕ್ಕೆ ಬದಲಿಸಿ. ಪಾಸಿಟಿವ್ ವೈರಿನ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ. ವೈರಿಂಗ್ ಕೈಹತ್ತದಿದ್ದರೆ ಬಲ್ಲವರಿಗೆ ಬಿಡಿ.

10. ಒಗ್ಗರಣೆಗೆ ಕಿಂಡಿ

ನಮ್ಮ ಅಡಿಗೆ ಈ ಡಬ್ಬಿಗಳನ್ನು ಮಾಡಿದವರ ಮನಸ್ಸಿನಲ್ಲಿರಲಿಲ್ಲ. ಕುಕ್ಕರು ಮೂರು ಸಲ ಕೂಗಿದರೆ ಕಿಟಕಿಗಳಲ್ಲಿ ನೀರಿಳಿಯುತ್ತದೆ, ಹಾಸಿಗೆಯಡಿ ಬೂಷ್ಟು ಹಿಡಿಯುತ್ತದೆ. ಹಾಗೆಂದು ಕುಕ್ಕರು ಬಿಡುವ ಹಾಗಿಲ್ಲ. ಬ್ರೈಸ್‌ನಂಥ ಎತ್ತರದಲ್ಲಿ ನೀರು 92 ಡಿಗ್ರಿಯ ಸುಮಾರಿಗೇ ಕುದ್ದುಬಿಡುತ್ತದೆ; ಬರೀ ಪಾತ್ರೆಯಲ್ಲಿ ಬೇಳೆ ಇಟ್ಟರೆ ಬೆಳಗಾದೀತು.

ಪರಿಹಾರ ಸೂರಿನಲ್ಲಿದೆ. ಬಹುತೇಕ ಕ್ಯಾಂಪರುಗಳ ಸೂರಿನ ಗಾಳಿಕಿಂಡಿ 14 ಅಂಗುಲದ ಚೌಕ. ಅದೇ ಅಳತೆಯ ಫ್ಯಾನು ಸಿಗುತ್ತದೆ, ಹೊಸದಾಗಿ ಕೊರೆಯಬೇಕಿಲ್ಲ. ಅಡಿಯಲ್ಲಿ ಬ್ಯುಟೈಲ್ ಟೇಪು, ಸ್ಕ್ರೂ ತಲೆಗಳ ಮೇಲೆ ಸೂರಿಗೆಂದೇ ಇರುವ ಸೀಲೆಂಟ್. ಸಿಲಿಕೋನ್ ಬಳಿಯಬೇಡಿ, ಮುಂದೆ ಅದರ ಮೇಲೆ ಬೇರೇನೂ ಹಿಡಿಯುವುದಿಲ್ಲ. ಒಗ್ಗರಣೆಗೆ ಮೊದಲು ಫ್ಯಾನು ಹಾಕಿ, ಎದುರಿನ ಕಿಟಕಿ ನಾಲ್ಕು ಬೆರಳು ತೆಗೆದಿಡಿ.

ಸಾಸಿವೆ ಸಿಡಿದಾಗಲೆಲ್ಲ ಹೊಗೆ ಅಲಾರಂ ಅರಚುತ್ತದೆಂದು ಅದರ ಬ್ಯಾಟರಿ ಕಿತ್ತಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಗ್ಯಾಸಿನ ಅಲಾರಂ ನೆಲದ ಹತ್ತಿರ ಇದೆಯೇ ನೋಡಿ, ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೇ ಹರಡುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬೇರೆಯದಿರಲಿ. ಇವಕ್ಕೂ ಆಯುಸ್ಸಿದೆ, ಹಿಂಬದಿಯಲ್ಲಿ ತಾರೀಖು ಬರೆದಿರುತ್ತದೆ. ನಮ್ಮದರ ತಾರೀಖು ನಾವು ಕೊಳ್ಳುವ ಮೊದಲೇ ಮುಗಿದಿತ್ತು.

ಇಷ್ಟೆಲ್ಲ ಆದ ಮೇಲೆ ಮತ್ತೆ ತಕ್ಕಡಿಗೆ ಹೋದೆವು. ಮಿಕ್ಕಿದ್ದು 31 ಕಿಲೋ. ಅಮ್ಮ ನಮ್ಮ ಜೊತೆ ಹೊರಟರೆ ನೀರಿನ ಟ್ಯಾಂಕು ಅರ್ಧ ಮಾತ್ರ ತುಂಬಿಸುವುದೆಂದು ಮಾತಾಗಿದೆ. ನವೆಂಬರಿನಲ್ಲಿ ಬರುತ್ತಾಳೆ. ಮೊನ್ನೆ ಫೋನಿನಲ್ಲಿ, "ಒಂದು ಸಣ್ಣ ಕಲ್ಲಿನ ಕುಟ್ಟಾಣಿ ತರ್ಲೇನೇ?" ಎಂದು ಕೇಳಿದಳು. ಎಷ್ಟು ಕಿಲೋ ಅಂದೆ. ಪಕ್ಕದ ಅಂಗಡಿಯಲ್ಲಿ ತೂಗಿಸಿ ಹೇಳ್ತೀನಿ ಅಂದಿದ್ದಾಳೆ.